ಅರ್ಧ ಡೋಸು

ದೊಡ್ಡ ದೊಡ್ಡ ಅಪರಾಧಗಳಿಗೆ ಹೆಣ್ಣು, ಹೊನ್ನು, ಮಣ್ಣು ಎಂದು ಮೂರು ಕಾರಣಗಳಿರುತ್ತವಂತೆ. ಅವನಿಗಿದ್ದದ್ದು ಒಂದು ಕುರ್ಚಿ. ಅದೂ ಹಿಂದಕ್ಕೆ ಒರಗಿದರೆ ಕೀ ಎಂದು ನರಳುವ, ಒಂದು ಗಾಲಿ ಸರಿಯಾಗಿ ತಿರುಗದ ಕುರ್ಚಿ. ಪ್ರಯೋಗಾಲಯದ ಮುಖ್ಯಸ್ಥರು ನಿವೃತ್ತರಾದಾಗ ಅದು ತನಗೇ ಬರುತ್ತದೆಂದು ಅವನು ಎಷ್ಟು ನಂಬಿದ್ದನೆಂದರೆ, ಬೆನ್ನಿಗೆ ಆಸರೆಯಾಗಲೆಂದು ಒಂದು ದಿಂಬನ್ನೂ ಕೊಂಡಿಟ್ಟಿದ್ದ. ಕುರ್ಚಿ ಅವನ ಶಿಷ್ಯೆಗೆ ಹೋಯಿತು. ದಿಂಬು ಮನೆಯಲ್ಲೇ ಉಳಿಯಿತು. ಈಗ ಅದರ ಮೇಲೆ ಅತ್ತಿಗೆಯ ಬೆಕ್ಕು ಮಲಗುತ್ತದೆ.

ಶಿಷ್ಯೆ ಎಂದರೆ ಬರೀ ಬಾಯಿಮಾತಿನ ಶಿಷ್ಯೆಯಲ್ಲ. ಪಿಪೆಟ್ ಹಿಡಿಯಲು ಬಾರದೆ ಕೈ ನಡುಗಿಸುತ್ತ ಬಂದವಳಿಗೆ ತೊಟ್ಟು ಬಿಡುವುದನ್ನು ಕಲಿಸಿದವನು ಅವನು. ಕ್ಯಾನ್ಸರ್ ಕೋಶಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವುದು, ಹೊತ್ತುಹೊತ್ತಿಗೆ ಆಹಾರ ಕೊಡುವುದು, ಸೋಂಕು ತಗುಲದಂತೆ ಉಸಿರು ಬಿಗಿಹಿಡಿದು ಮುಚ್ಚಳ ತೆಗೆಯುವುದು, ಎಲ್ಲ ಅವನ ಪಾಠವೇ. ಈಗ ಅವಳು ಮೇಡಮ್. ಅವನು ‘ದೊಡ್ಡ ಸರ್’. ಐದಡಿ ಎರಡಂಗುಲದ ಮನುಷ್ಯನಿಗೆ ಆ ಹೆಸರು ಹೇಗೆ ಅಂಟಿತೋ ಅವನಿಗೂ ಗೊತ್ತಿಲ್ಲ. ಹುದ್ದೆ ಸಿಗದವರಿಗೆ ವಿಶೇಷಣ ಸಿಗುತ್ತದೆ ಎಂದು ಅರ್ಥ ಮಾಡಿಕೊಂಡಿದ್ದ. ಸಭೆಗಳಲ್ಲಿ ಮೊದಲ ಬಿಸ್ಕತ್ತು ಅವನ ಮುಂದೆ ಬರುತ್ತಿತ್ತು, ಕೊನೆಯ ಮಾತು ಅವಳ ಬಾಯಿಂದ ಬರುತ್ತಿತ್ತು.

ಇಷ್ಟನ್ನೂ ಅವನು ನುಂಗಿಕೊಂಡಿದ್ದ. ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದು ಬೇರು.

ಪ್ರಯೋಗಾಲಯದ ಹಿಂದೆ, ಜನರೇಟರ್ ಇಟ್ಟ ಕೋಣೆಯ ಗೋಡೆಗೆ ಒಂದು ಬಳ್ಳಿ ಹಬ್ಬಿತ್ತು. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಅದರ ಬೇರಿನಲ್ಲಿ ಏನೋ ಇದೆ ಎಂದು ಮೊದಲು ಮೂಸಿ ನೋಡಿದವನು ಅವನು. ಅರೆದ, ಸೋಸಿದ, ಶುದ್ಧ ಮಾಡಿದ, ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳ ಮೇಲೆ ಹಾಕಿ ವರ್ಷಗಟ್ಟಲೆ ಕಾದ. ಕೋಶಗಳು ಅದನ್ನು ಕುಡಿದು ಇನ್ನಷ್ಟು ಸುಖವಾಗಿ ಬೆಳೆದವು. ಬೇಸತ್ತು ಬಿಟ್ಟುಬಿಟ್ಟ. ಅವನು ಬಿಟ್ಟದ್ದನ್ನು ಮೇಡಮ್ ಎತ್ತಿಕೊಂಡಳು. ಅದೇ ರೋಗಕ್ಕೆ ಆಸ್ಪತ್ರೆಯಲ್ಲಿ ಕೊಡುವ ಕೀಮೋ ಮದ್ದಿನ ಜೊತೆ ಸೇರಿಸಿ ನೋಡಿದಳು. ಬೇರಿನ ಸತ್ವ ಒಂಟಿಯಾಗಿ ಏನೂ ಮಾಡದು. ಕೀಮೋ ಮದ್ದು ಅರ್ಧ ಡೋಸಿನಲ್ಲಿ ಹೆಚ್ಚೇನೂ ಮಾಡದು. ಎರಡನ್ನೂ ಜೋಡಿಯಾಗಿ ಹಾಕಿದರೆ ಪೂರ್ತಿ ಡೋಸಿಗೆ ಸಾಯುವಷ್ಟೇ ಕೋಶಗಳು ಸಾಯುತ್ತವೆ. ಅರ್ಧ ಮದ್ದು, ಅರ್ಧ ನರಳಾಟ, ಪೂರ್ತಿ ಫಲ.

ಪತ್ರಿಕೆಯವರು ಬಂದರು. ಫೋಟೋದಲ್ಲಿ ಮೇಡಮ್ ಬಳ್ಳಿಯ ಎಲೆ ಹಿಡಿದು ನಗುತ್ತಿದ್ದಳು. ಬೇರು ಹಿಡಿದರೆ ಚಿತ್ರ ಚೆನ್ನಾಗಿ ಬರುವುದಿಲ್ಲವಂತೆ. ಪಕ್ಕದಲ್ಲಿ ನಿಂತಿದ್ದ ಅವನ ಒಂದು ಭುಜ ಮತ್ತು ಒಂದು ಕಿವಿ ಅಚ್ಚಾಗಿದ್ದವು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಆ ಗಿಡದ ಮಟ್ಟಿಗೆ ಸುಳ್ಳಾಯಿತು. ಅದನ್ನು ಕಿತ್ತು ತಂದವನ ಮಟ್ಟಿಗೆ ನಿಜವಾಗಿಯೇ ಉಳಿಯಿತು.

ಇದರಲ್ಲಿ ಅಣ್ಣನೂ ಸೇರಿಕೊಂಡದ್ದು ದುರದೃಷ್ಟ. ಅಣ್ಣ ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದ ಡ್ರೈವಿಂಗ್ ಸ್ಕೂಲ್ ಮೇಷ್ಟರು. ತಮ್ಮನೊಬ್ಬನಿಗೆ ಮಾತ್ರ ಕಲಿಸಲಾಗಲಿಲ್ಲ. “ಬ್ರೇಕ್ ಹಾಕೋಕೂ ಯೋಚನೆ ಮಾಡೋನಿಗೆ ಗಾಡಿ ಯಾಕೆ?” ಎಂದು ಕೈಬಿಟ್ಟಿದ್ದ. ಅಣ್ಣ ಅತ್ತಿಗೆಯ ಮನೆಯ ಮಹಡಿಯ ಕೋಣೆಯಲ್ಲೇ ಅವನ ವಾಸ. ಮದುವೆಯಾಗಲಿಲ್ಲ, ಅದಕ್ಕೂ ಯೋಚನೆ ಮಾಡುತ್ತ ಕೂತಿದ್ದ. ಅಮ್ಮ ಹೋದ ಮೇಲೆ ಅವನ ತಟ್ಟೆಗೆ ಅನ್ನ ಹಾಕಿದವರು ಅತ್ತಿಗೆ, ಅವನನ್ನು ಓದಿಸಿದ್ದು ಅಣ್ಣನ ಎರಡು ಬ್ರೇಕಿನ ಹಳೆಯ ಕಾರು. ಆ ಅಣ್ಣನಿಗೇ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಕೀಮೋ ಶುರುವಾಯಿತು. ಮದ್ದು ನಾಟಿತು, ರಕ್ತದಲ್ಲಿನ ಅಂಕಿ ಇಳಿಯುತ್ತ ಬಂತು, ಡಾಕ್ಟರ ಮುಖ ಅರಳಿತು. ಅಣ್ಣನ ಮುಖ ಮಾತ್ರ ಬಾಡಿತು. ಬಾಯೆಲ್ಲ ಹುಣ್ಣು, ಉಗುರುಗಳು ಕಪ್ಪು, ಅಂಗಾಲು ಜೋಮು.

“ಕ್ಲಚ್ ಯಾವುದು ಬ್ರೇಕ್ ಯಾವುದು ಅಂತ ಕಾಲಿಗೇ ಗೊತ್ತಾಗಲ್ಲ ಕಣೋ,” ಅಂದ ಅಣ್ಣ, ಒಂದು ದಿನ ಊಟದ ತಟ್ಟೆ ದೂರ ತಳ್ಳಿ. “ಪೂರ್ತಿ ಡೋಸು ಇನ್ನು ನನ್ನ ಕೈಲಾಗಲ್ಲ. ನಿಮ್ಮ ಮೇಡಮ್ ಏನೋ ಅರ್ಧ ಡೋಸು ಅಂತಿದಾರಲ್ಲ, ಅದು ಸಿಗೋ ಹಾಗೆ ಮಾಡು.”

“ಆ ಬೇರು ಕಿತ್ತು ತಂದಿದ್ದೇ ಇವನು ಕಣ್ರೀ,” ಎಂದು ಅತ್ತಿಗೆ ಅವನ ಪರ ವಹಿಸಿದರು.

“ಹೌದಾ? ಮತ್ತೆ ಪೇಪರಲ್ಲಿ ಇವನ ಕಿವಿ ಮಾತ್ರ ಯಾಕೆ ಬಂದಿತ್ತು?”

ಅಣ್ಣ ತಮಾಷೆಗೇ ಅಂದದ್ದು. ಅವನೂ ನಕ್ಕ. ನಕ್ಕು ಮಹಡಿ ಹತ್ತಿ, ಬೆಕ್ಕನ್ನು ಸರಿಸಿ, ದಿಂಬಿನ ಮೇಲೆ ಒರಗಿ ಕೂತು, ಪತ್ರಿಕೆಯ ಆ ತುಂಡು ತೆಗೆದು ತನ್ನ ಕಿವಿಯನ್ನೇ ಬಹಳ ಹೊತ್ತು ನೋಡಿದ.

ಆಸ್ಪತ್ರೆಯವರು ಒಪ್ಪಿದ್ದರು. ಪೂರ್ತಿ ಡೋಸು ತಡೆಯಲಾರದ ಕೆಲವು ರೋಗಿಗಳಿಗೆ ಅರ್ಧ ಡೋಸಿನ ಜೊತೆ ಬೇರಿನ ಸತ್ವ ಕೊಟ್ಟು ನೋಡುವುದು. ಮೊದಲ ಹೆಸರು ಅಣ್ಣನದು. ಇಲಿಗಳ ಮೇಲೆ ಫಲಿತಾಂಶ ಅಷ್ಟಕ್ಕಷ್ಟೇ ಬಂದಿತ್ತು. ಆದರೆ ಬೇರು ತಿಂದರೆ ಕೆಡುಕಿಲ್ಲ ಎಂದು ಖಾತ್ರಿಯಾಗಿತ್ತು, ಕೋಶಗಳ ಮೇಲಿನ ಫಲಿತಾಂಶವೋ ಕಣ್ಣು ಕುಕ್ಕುವ ಹಾಗಿತ್ತು. ಒಂದೇ ಒಂದು ಷರತ್ತು: ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು, ಇದೇ ಪ್ರಯೋಗಾಲಯದಲ್ಲಿ, ತಮ್ಮ ಕೈಯಾರೆ ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡಬೇಕು. ಅದೇ ಫಲಿತಾಂಶ ಬಂದರೆ ಶುರು. ಬಾರದಿದ್ದರೆ ಇಲ್ಲ.

ಬಾರದಿದ್ದರೆ. ಆ ಪದದ ಮೇಲೆ ಅವನ ಮನಸ್ಸು ನೊಣದ ಹಾಗೆ ಕೂತಿತು, ಓಡಿಸಿದರೂ ತಿರುಗಿ ತಿರುಗಿ ಬಂತು.

ರೋಗಿಗಳ ಗುಳಿಗೆಗೆ ಹೋದದ್ದು ಬಿಟ್ಟರೆ ಬೇರಿನ ಸತ್ವವೆಲ್ಲ ಇದ್ದದ್ದು ಒಂದೇ ಸೀಸೆಯಲ್ಲಿ. ಗೋಣಿಗಟ್ಟಲೆ ಬೇರು ಅರೆದರೆ ಸಿಗುವುದು ಚಿಟಿಕೆಯಷ್ಟು ಬಿಳಿ ಪುಡಿ. ಕೀಮೋ ಮದ್ದಿನ ಹಾಗೆ ಅದೂ ನೀರಿನಲ್ಲಿ ಕರಗದು, ದ್ರಾವಕದಲ್ಲೇ ಕರಗಿಸಿಡಬೇಕು. ಕರಗಿದ ಮೇಲೆ ಅದಕ್ಕೆ ಬಣ್ಣವಿಲ್ಲ. ಬರೀ ದ್ರಾವಕದ ಸೀಸೆಯನ್ನೂ ಬೇರಿನ ಸೀಸೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಕಣ್ಣಿಗೂ ಮೂಗಿಗೂ ವ್ಯತ್ಯಾಸ ತಿಳಿಯದು. ಕಳ್ಳನಿಗೆ ದೇವರು ಇದಕ್ಕಿಂತ ಹೆಚ್ಚು ಏನು ಸಹಾಯ ಮಾಡಿಯಾನು?

ಯೋಜನೆ ಸರಳವಾಗಿತ್ತು. ಪರೀಕ್ಷಕರು ಬರುವ ಮುಂಚೆ ಬೇರಿನ ಸೀಸೆ ತೆಗೆದು, ಆ ಜಾಗದಲ್ಲಿ ಅಂಥದೇ ಚೀಟಿಯ ಬರೀ ದ್ರಾವಕದ ಸೀಸೆ ಇಡುವುದು. ಪರೀಕ್ಷಕರು ಬೇರು ಎಂದುಕೊಂಡು ಏನೂ ಇಲ್ಲದ್ದನ್ನು ಹಾಕುತ್ತಾರೆ. ಕೋಶಗಳು ಸಾಯಲು ಎರಡು ಮೂರು ದಿನ ಬೇಕು. ಅಷ್ಟರೊಳಗೆ ಅಸಲಿ ಸೀಸೆ ಮರಳಿ ಸ್ವಸ್ಥಾನ ಸೇರಿರುತ್ತದೆ. ಆಮೇಲೆ ಯಾರು ಎಷ್ಟು ತನಿಖೆ ಮಾಡಿದರೂ ಸಿಗುವುದು ಅಪ್ಪಟ ಬೇರು, ಆರೋಗ್ಯವಾದ ಕ್ಯಾನ್ಸರು, ಪರೀಕ್ಷಕರದೇ ಕೈ. ಇಷ್ಟೆಲ್ಲ ಸರಿಯಿದ್ದೂ ಫಲಿತಾಂಶ ಮರುಕಳಿಸಲಿಲ್ಲ ಎಂದರೆ ಅದು ಅಪರಾಧವಲ್ಲ, ಪ್ರಯೋಗಾಲಯಗಳಿಗೆ ಬರುವ ನೆಗಡಿ. ಅದಕ್ಕೆ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಕ್ಯಾಂಟೀನಿನಲ್ಲಿ ಅವಳು ಬಂದಾಗ ಮಾತು ನಿಲ್ಲುತ್ತದೆ, ಅಷ್ಟೇ.

ಆಮೇಲೆ ಅವನ ಪ್ರವೇಶ. “ಬೇಜಾರು ಮಾಡ್ಕೋಬೇಡಿ ಮೇಡಮ್, ನಾನೊಂದು ಸಲ ನೋಡ್ತೀನಿ” ಎನ್ನುತ್ತ, ತಲೆ ತುಸು ಓರೆ ಮಾಡಿ. ಈ ವಿನಯವನ್ನು ಅವನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ. ಮೊದಮೊದಲು ಹಲ್ಲುನೋವಿನ ಮುಖದ ಹಾಗೆ ಕಾಣುತ್ತಿತ್ತು, ಆಮೇಲೆ ಕುದುರಿತು. ಕೆಲವು ತಿಂಗಳು ಕಳೆದು ಅಸಲಿ ಸೀಸೆಯಿಂದ ಅವನು ಪ್ರಯೋಗ ಮಾಡುತ್ತಾನೆ, ಫಲಿತಾಂಶ ಬರುತ್ತದೆ, ಬೇರು ಮತ್ತೆ ಅವನದಾಗುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹಾವಿನ ಕುರ್ಚಿ ಮಾತ್ರ ಕೋಲಿಗೆ ಸಿಗುತ್ತದೆ.

ಅಣ್ಣ? ಅದನ್ನೂ ಅವನು ಯೋಚಿಸದೆ ಬಿಡಲಿಲ್ಲ. ಪೂರ್ತಿ ಡೋಸು ಹೇಗೂ ನಾಟುತ್ತಿದೆ. ಇನ್ನು ಉಳಿದಿರುವುದು ಕೆಲವೇ ಸಲ. ಹಲ್ಲು ಕಚ್ಚಿಕೊಂಡರೆ ಮುಗಿಯುತ್ತದೆ. ಹಲ್ಲು ಅಣ್ಣನದು, ಅಂಗಾಲೂ ಅಣ್ಣನದು, ಧೈರ್ಯ ಮಾತ್ರ ತನ್ನದು ಎಂದು ಹೊಳೆದಾಗ ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ನಾಚಿಕೆಯಾಯಿತಲ್ಲ, ಹಾಗಾದರೆ ತಾನು ಅಷ್ಟೇನೂ ಕೆಟ್ಟವನಲ್ಲ ಎಂದುಕೊಂಡು ಸಮಾಧಾನಪಟ್ಟ.

ಸೀಸೆ ಬದಲಾಯಿಸುವುದನ್ನು ಮನೆಯಲ್ಲಿ ಎರಡು ಕೆಮ್ಮಿನ ಸಿರಪ್ ಸೀಸೆಗಳಿಂದ ಅಭ್ಯಾಸ ಮಾಡಿದ. ಒಂದು ಜೇಬಿನಿಂದ ಹೊರಗೆ, ಇನ್ನೊಂದು ಒಳಗೆ, ಸದ್ದಿಲ್ಲದೆ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿ, “ಕೆಮ್ಮೇನಪ್ಪಾ?” ಅಂದರು. ಹೂಂ ಎನ್ನದೆ ಬೇರೆ ದಾರಿ ಇರಲಿಲ್ಲ. ಅಂದಿನಿಂದ ಬೆಳಿಗ್ಗೆ ಸಂಜೆ ಒಂದೊಂದು ಲೋಟ ಕಾಳುಮೆಣಸಿನ ಬಿಸಿನೀರು ಬಂತು. ಇಲ್ಲದ ಕೆಮ್ಮಿಗೆ ಅದನ್ನು ಕುಡಿದು ಕುಡಿದು ಅವನಿಗೆ ಹೊಟ್ಟೆಯುರಿ ಶುರುವಾಯಿತು. 

ಪ್ರಯೋಗಾಲಯದಲ್ಲಿ ಇದ್ದದ್ದು ಒಂದೇ ಕ್ಯಾಮೆರಾ, ಅದೂ ಕಾಫಿ ಯಂತ್ರದ ಕಡೆ ಮುಖ ಮಾಡಿತ್ತು. ಯಾರೋ ಕಪ್ಪುಗಳನ್ನು ಕದಿಯುತ್ತಿದ್ದರು. ಸೀಸೆಗಳಿದ್ದ ತಣ್ಣನೆಯ ಕೋಣೆಯಲ್ಲಿ ಕ್ಯಾಮೆರಾ ಇಟ್ಟರೆ ಮಂಜು ಕಟ್ಟುತ್ತದೆಂದು ಇಟ್ಟಿರಲಿಲ್ಲ. ಬೆರಳಚ್ಚಿನ ಚಿಂತೆಯೂ ಇಲ್ಲ, ಕೈಗವಸು ಹಾಕದೆ ಬಂದರೇ ಅಲ್ಲಿ ಬೈಗುಳ. ಸೀಸೆಗಳು ಅದಲುಬದಲಾಗಬಾರದೆಂದು ತನ್ನ ಸೀಸೆಯ ಮುಚ್ಚಳದ ಅಂಚಿಗೆ ಉಗುರಿನಿಂದ ಒಂದು ಗೀರು ಹಾಕಿದ್ದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಳಗೆ ಹೋಗಿ, ಬದಲಾಯಿಸಿ, ಗೀರನ್ನು ಮೂರು ಸಲ ಬೆರಳಿನಿಂದ ಸವರಿ ನೋಡಿ, ಹೊರಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಮೇಡಮ್ ನಿಂತಿದ್ದಳು.

“ಸರ್, ಊಟಕ್ಕೆ ಹೋಗಿಲ್ವಾ? ಇಲ್ಲೇನು ಮಾಡ್ತಿದೀರಿ?”

“ಸೆಖೆ ಅಲ್ವಾಮ್ಮಾ. ಸ್ವಲ್ಪ ತಣ್ಣಗೆ ನಿಂತಿದ್ದೆ.”

ಅವಳು ನಗಲಿಲ್ಲ. ಬಾಗಿಲು ಹಿಡಿದುಕೊಂಡು, ಹಳೆಯ ದಿನಗಳ ಹಾಗೆ ದನಿ ತಗ್ಗಿಸಿ ಅಂದಳು: “ನಾಳೆ ನೀವು ನನ್ನ ಪಕ್ಕದಲ್ಲೇ ಇರ್ಬೇಕು ಸರ್. ನನಗೆ ಭಯ ಆಗ್ತಿದೆ. ನಿಮ್ಮ ಅಣ್ಣನ ಹೆಸರು ಮೊದಲು ಹಾಕಿರೋದು ನಾನೇ. ನನ್ನ ಕೈಲಿ ಏನಾದ್ರೂ ಎಡವಟ್ಟಾದ್ರೆ ನಿಮಗೆ ಹೇಗೆ ಮುಖ ತೋರಿಸ್ಲಿ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಅಸಲಿ ಸೀಸೆ ತೊಡೆಗೆ ತಣ್ಣಗೆ ಒತ್ತುತ್ತಿತ್ತು. ಈಗಲೇ ತೆಗೆದು ಕೊಟ್ಟುಬಿಡಲೇ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಬ್ರೇಕ್ ಹಾಕಲೂ ಯೋಚಿಸುವವನು ಎಂದು ಅಣ್ಣ ಸುಮ್ಮನೆ ಹೇಳಿರಲಿಲ್ಲ. ಯೋಚಿಸುತ್ತಿರುವಾಗಲೇ ಅವಳು ಹೋಗಿಯಾಗಿತ್ತು.

ಪರೀಕ್ಷಕರು ಬಡಕಲು ಮನುಷ್ಯ. ಪರರ ಮನೆಗೆ ತಮ್ಮದೇ ಚಮಚ ಒಯ್ಯುವವರ ಹಾಗೆ ತಮ್ಮದೇ ಪಿಪೆಟ್ ತಂದಿದ್ದರು. ಬಂದವರೇ ಗೋಡೆಗೆ ಅಂಟಿಸಿದ್ದ ಪ್ರಯೋಗದ ವಿಧಾನವನ್ನು ಗಟ್ಟಿಯಾಗಿ ಓದಿ, ಅಕ್ಷರ ಬಿಡದೆ ಹಾಗೆಯೇ ಮಾಡತೊಡಗಿದರು. ಸಾಬೂನು ಪೆಟ್ಟಿಗೆಯ ಗಾತ್ರದ ಪಾರದರ್ಶಕ ತಟ್ಟೆ, ಅದರ ತುಂಬ ಸಾಲುಸಾಲು ಪುಟ್ಟ ಗುಂಡಿಗಳು, ಒಂದೊಂದು ಗುಂಡಿಯಲ್ಲೂ ಕೋಶಗಳು. ಮೊದಲ ಸಾಲಿಗೆ ಬರೀ ದ್ರಾವಕ, ಹೋಲಿಕೆಗೆ. ಎರಡನೆಯದಕ್ಕೆ ಕೀಮೋ ಪೂರ್ತಿ ಡೋಸು. ಮೂರನೆಯದಕ್ಕೆ ಅರ್ಧ. ನಾಲ್ಕನೆಯದಕ್ಕೆ ಬೇರು. ಕೊನೆಯದು ಜೋಡಿ ಸಾಲು: ಅರ್ಧ ಕೀಮೋ, ಜೊತೆಗೆ ಬೇರು.

“ಅಚ್ಚುಕಟ್ಟಾದ ವಿಧಾನ,” ಅಂದರು ಪರೀಕ್ಷಕರು ತಲೆಯೆತ್ತದೆ. “ಎಷ್ಟೋ ಕಡೆ ಬರೀ ದ್ರಾವಕದ ಸಾಲೇ ಇರಲ್ಲ. ಕೋಶ ಸತ್ತಿದ್ದು ಮದ್ದಿನಿಂದಲೋ ಅದನ್ನ ಕರಗಿಸಿದ ದ್ರಾವಕದಿಂದಲೋ ಅಂತಾನೇ ಗೊತ್ತಾಗಲ್ಲ.”

“ದೊಡ್ಡ ಸರ್ ಬರೆದಿದ್ದು,” ಅಂದಳು ಮೇಡಮ್ ಹೆಮ್ಮೆಯಿಂದ. “ನಾವೆಲ್ಲ ಬಾಯಿಪಾಠ ಮಾಡಿದೀವಿ. ಇವತ್ತಿಗೂ ಒಂದಕ್ಷರ ಬದಲಾಯಿಸಿಲ್ಲ.”

ಅವನು ಅಭ್ಯಾಸ ಮಾಡಿದ ವಿನಯವನ್ನು ಸ್ವಲ್ಪ ಮುಂಗಡವಾಗಿಯೇ ಖರ್ಚು ಮಾಡಿದ. ತನ್ನ ಅಪರಾಧಕ್ಕೆ ತನ್ನದೇ ವಿಧಾನ, ಅದಕ್ಕೆ ಹೊರಗಿನವರ ಪ್ರಶಂಸೆ ಬೇರೆ. ಕಳ್ಳನಿಗೆ ಮನೆಯವರೇ ದೀಪ ಹಿಡಿದ ಹಾಗಾಯಿತು.

ಉಳಿದದ್ದು ಬೆಣ್ಣೆಯಿಂದ ಕೂದಲು ತೆಗೆದಂತೆ ನಡೆಯಿತು. ತಟ್ಟೆ ಬೆಚ್ಚನೆಯ ಪೆಟ್ಟಿಗೆ ಸೇರಿದ ಮೇಲೆ ಸೀಸೆಗಳನ್ನು ಮತ್ತೆ ಬದಲಾಯಿಸಿದ. ಪರೀಕ್ಷಕರು ಬಳಸಿದ ಸೀಸೆಯಲ್ಲಿ ಮಟ್ಟ ಇಳಿದಿತ್ತು. ಅಸಲಿ ಸೀಸೆಯಲ್ಲಿ ಇಳಿದಿರಲಿಲ್ಲ. ಸಾಮಾನ್ಯ ಕಳ್ಳರು ಸಿಕ್ಕಿಬೀಳುವುದು ಇಂಥಲ್ಲೇ. ಅವನು ಅಸಲಿಯಿಂದಲೂ ಅಷ್ಟನ್ನೇ ತೆಗೆದು ಚೆಲ್ಲಿ ಮಟ್ಟ ಸರಿಮಾಡಿದ. ತನ್ನ ಸೀಸೆಯನ್ನು ಸಿಂಕಿನಲ್ಲಿ ಸುರಿದು, ತೊಳೆದು, ಚೀಟಿ ಕಿತ್ತು, ಬೇರೆ ನೂರು ಖಾಲಿ ಸೀಸೆಗಳ ನಡುವೆ ಎಸೆದ. ಇನ್ನು ಅವನೇ ಪೊಲೀಸನಾಗಿ ಬಂದರೂ ತನ್ನನ್ನು ಹಿಡಿಯಲಾರ. ಇಷ್ಟು ಚೊಕ್ಕವಾಗಿ ಅವನು ಜೀವನದಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ. ಯಾರಿಗೂ ಹೇಳಿಕೊಳ್ಳುವಂತಿಲ್ಲ ಎಂಬುದೊಂದೇ ಕೊರಗು.

ಫಲಿತಾಂಶ ನೋಡುವ ದಿನವೇ ಅಣ್ಣನ ಕೀಮೋ ಸರದಿ ಬಂದದ್ದು ಯಾರ ಯೋಜನೆಯೂ ಅಲ್ಲ. ಡಾಕ್ಟರು ಅಣ್ಣನನ್ನು ಬೆಳಿಗ್ಗೆಯೇ ವಾರ್ಡಿಗೆ ಬರಹೇಳಿ, ತಾವು ಪ್ರಯೋಗಾಲಯಕ್ಕೆ ಬಂದು ಕೂತಿದ್ದರು. ಪೂರ್ತಿಯೋ ಅರ್ಧವೋ, ಇಲ್ಲಿಂದಲೇ ನರ್ಸಿಗೆ ಫೋನು ಮಾಡುವುದಾಗಿ ಹೇಳಿದ್ದರು. ಮನೆಯಿಂದ ಹೊರಡುವಾಗ ಅಣ್ಣ ಚಪ್ಪಲಿಯೊಳಗೆ ಕಾಲಿಡಲು ಬಗ್ಗಿ, ಕಾಲು ಒಳಗೆ ಹೋಗಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಂಡದ್ದನ್ನು ಅವನು ಕಂಡಿದ್ದ. ಕಂಡು ಬೇರೆ ಕಡೆ ತಿರುಗಿಕೊಂಡಿದ್ದ.

ಪರೀಕ್ಷಕರು ಗುಂಡಿಗಳಿಗೆ ಬಣ್ಣದ ದ್ರವ ಹಾಕಿದರು. ಬದುಕಿದ ಕೋಶ ಅದನ್ನು ನೇರಳೆಯಾಗಿಸುತ್ತದೆ. ಸತ್ತ ಕೋಶಕ್ಕೆ ಆ ಕೆಲಸ ಮಾಡಲು ಬರುವುದಿಲ್ಲ. ಎಲ್ಲರೂ ತಟ್ಟೆಯ ಸುತ್ತ ನಿಂತು ಕಾದರು. ಮೊದಲ ಸಾಲು ನೇರಳೆಯಾಯಿತು. ಪೂರ್ತಿ ಡೋಸಿನ ಸಾಲು ಮಂಕಾಗಿ ಉಳಿಯಿತು. ಅರ್ಧ ಡೋಸಿನದು ನೇರಳೆ. ಬೇರಿನದು ನೇರಳೆ. ಅವನು ವಿನಯದ ಮುಖ ಸಿದ್ಧಮಾಡಿಕೊಂಡು, ತಲೆ ಓರೆ ಮಾಡಿ, ಜೋಡಿ ಸಾಲಿನ ಕಡೆ ನೋಡಿದ.

ಜೋಡಿ ಸಾಲಿನಲ್ಲಿ ನೇರಳೆಯೇ ಇರಲಿಲ್ಲ. ಕೋಶಗಳು ಸತ್ತಿದ್ದವು, ಪೂರ್ತಿ ಡೋಸಿಗೆ ಸತ್ತ ಹಾಗೆಯೇ.

“ಬಂತು ಸರ್,” ಎಂದು ಮೇಡಮ್ ಅವನ ಕೈ ಹಿಡಿದುಕೊಂಡಳು. ಅವಳು ಅಳುತ್ತಿದ್ದಳು. ಅವನ ತಲೆ ಇನ್ನೂ ಓರೆಯಾಗಿಯೇ ಇತ್ತು. “ಬಂತಮ್ಮಾ,” ಅಂದ.

ಡಾಕ್ಟರು ಆಗಲೇ ಫೋನಿನಲ್ಲಿ ಅರ್ಧ, ಅರ್ಧ ಎಂದು ನರ್ಸಿಗೆ ಹೇಳುತ್ತಿದ್ದರು. ಬೇರಿನ ಗುಳಿಗೆಗಳು ಮೊದಲೇ ವಾರ್ಡಿಗೆ ಹೋಗಿದ್ದವು. ಅವನು ಮೂಲೆಯ ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದ. ಬೇರಿಲ್ಲದೆ ಬೇರಿನ ಫಲಿತಾಂಶ ಬರುವುದು ಹೇಗೆ? ಎಲ್ಲೋ ಕೈ ತಪ್ಪಿರಬೇಕು. ತನ್ನ ಸೀಸೆಯನ್ನು ಇಟ್ಟೆನೆಂದುಕೊಂಡು ಅಸಲಿಯನ್ನೇ ಮತ್ತೆ ಇಟ್ಟು ಬಂದಿರಬೇಕು. ಹೌದು, ಹಾಗೇ ಆಗಿರಬೇಕು. ಕುರ್ಚಿ ಗಿಟ್ಟಿಸಲಾಗದವನು, ಕಾರು ಕಲಿಯಲಾಗದವನು, ಮದುವೆಯಾಗಲಾಗದವನು, ಈಗ ನೆಟ್ಟಗೆ ಕಳ್ಳತನ ಮಾಡಲೂ ಆಗದವನು. ಪಟ್ಟಿ ಪೂರ್ತಿಯಾಯಿತು.

ಆಗ ಅವನಿಗೆ ಆದದ್ದು ದುಃಖವಲ್ಲ, ಸಂತೋಷ. ಅವನೇ ಬೆಚ್ಚಿಬಿದ್ದ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಅವಳ ಬೇರು ನಿಜ, ಅಣ್ಣನಿಗೆ ಅರ್ಧ ಡೋಸು ನಿಜ, ತಾನು ಮಾಡಿದ್ದು ಏನೂ ನಡೆಯಲೇ ಇಲ್ಲ. ಕುರ್ಚಿ ಅವಳಿಗೇ ಇರಲಿ, ದಿಂಬನ್ನೂ ತಂದು ಕೊಟ್ಟರಾಯಿತು, ಬೆಕ್ಕು ಒಪ್ಪಿದರೆ. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಅತ್ತಿಗೆ.

“ಅರ್ಧಾನೇ ಅಂತೆ ಕಣಪ್ಪಾ. ನರ್ಸು ಬಾಟ್ಲಿ ತರೋಕೆ ಹೋಗಿದಾರೆ. ತಾಳು, ನಿಮ್ಮಣ್ಣ ಮಾತಾಡ್ತಾರಂತೆ.”

“ಹಾಫ್ ಕ್ಲಚ್‌ನಲ್ಲೇ ಗಾಡಿ ಏರು ಹತ್ತುತ್ತೆ ಅಂತ ನಾನು ಎಷ್ಟು ವರ್ಷದಿಂದ ಬಡ್ಕೋತಿದೀನಿ,” ಎಂದಿತು ಅಣ್ಣನ ದನಿ, ಎಷ್ಟೋ ದಿನಗಳ ಮೇಲೆ ಹಳೆಯ ದನಿ. “ನೀವು ಓದಿದವರು ಈಗ ಕಂಡುಹಿಡಿದ್ರಿ. ಲೇ, ಕೇಳಿಸ್ತಾ? ಅವತ್ತು ಕಿವಿ ವಿಷಯ ಅಂದಿದ್ದು ಮನಸ್ಸಿಗೆ ಹಚ್ಕೋಬೇಡ. ಬೇರು ತಂದಿದ್ದು ನೀನು, ನನಗೆ ಗೊತ್ತು. ನೀನು ತಂದಿದ್ದು ಅಂತಾನೇ ಧೈರ್ಯವಾಗಿ ತಗೋತಿದೀನಿ.” ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಅತ್ತಿಗೆ ಫೋನು ವಾಪಸ್ಸು ತೆಗೆದುಕೊಂಡು, ಅವನು ಅಳುತ್ತಿರುವುದು ತಿಳಿದು, “ನರ್ಸು ಬರೋವರೆಗೂ ಇರಪ್ಪಾ” ಎಂದು ಫೋನು ಹಿಡಿದೇ ಇದ್ದರು.

ಅಷ್ಟರಲ್ಲಿ ಇತ್ತ ಪರೀಕ್ಷಕರು ಕೈಗವಸು ಬಿಚ್ಚುತ್ತ, ಸುಮ್ಮನೆ ಮಾತಿಗೆ ಎಂಬಂತೆ ಮೇಡಮ್‌ಗೆ ಅಂದರು: “ಒಂದು ಸಣ್ಣ ವಿಷಯ. ಜೋಡಿ ಸಾಲಿನ ಗುಂಡಿಗಳು ಮಾತ್ರ ಸ್ವಲ್ಪ ಜಾಸ್ತಿ ತುಂಬ್ತವೆ, ತಟ್ಟೆ ಅಲುಗಿಸದೆ ಹಿಡ್ಕೋಬೇಕಾಯ್ತು. ಬೇರೆ ಎಲ್ಲಕ್ಕೂ ಒಂದು ತೊಟ್ಟು, ಅದಕ್ಕೆ ಎರಡು ಬೀಳುತ್ತಲ್ಲ.” ಎರಡು ತೊಟ್ಟು. ಕೀಮೋ ಕರಗಿಸಿದ ದ್ರಾವಕ ಒಂದು, ಬೇರು ಕರಗಿಸಿದ ದ್ರಾವಕ ಇನ್ನೊಂದು; ಹೋಲಿಕೆಯ ಸಾಲಿಗೆ ಮಾತ್ರ ಒಂದೇ, ಏಕೆಂದರೆ ಒಂಟಿ ಮದ್ದುಗಳನ್ನಷ್ಟೇ ಪರೀಕ್ಷಿಸುತ್ತಿದ್ದ ಕಾಲದಲ್ಲಿ ಅವನು ಹಾಗೆ ಬರೆದಿಟ್ಟಿದ್ದ. ಜೋಡಿಯ ಕಾಲ ಬಂದಾಗ ಅದಕ್ಕೂ ಎರಡು ಹಾಕಬೇಕೆಂದು ಬರೆದವನಿಗೂ ಹೊಳೆಯಲಿಲ್ಲ, ಬಾಯಿಪಾಠ ಮಾಡಿದವರಿಗೂ ಹೊಳೆಯಲಿಲ್ಲ. ಅರ್ಧ ಡೋಸಿಗೆ ಬಳಲಿದ್ದ ಕೋಶಗಳನ್ನು ಕೊಂದದ್ದು ಆ ಎರಡನೆಯ ತೊಟ್ಟಿನ ದ್ರಾವಕ. ಅದರಲ್ಲಿ ಬೇರು ಇದ್ದಾಗಲೂ ಸಾಯುತ್ತಿದ್ದವು, ಇಲ್ಲದಾಗಲೂ ಸತ್ತವು. ಅವನ ಕೈ ತಪ್ಪಿರಲಿಲ್ಲ. ಅದು ಅವನಿಗೆ ಮೊದಲೇ ಗೊತ್ತಿತ್ತು, ಬೇಕಿರಲಿಲ್ಲ ಅಷ್ಟೇ. ಬೇರು ತೆಗೆದು ಬರೀ ದ್ರಾವಕ ಹಾಕಿ ನೋಡಿದ ಅವನ ಕಳ್ಳತನವೇ ಆ ಪ್ರಯೋಗಾಲಯದಲ್ಲಿ ಯಾರೂ ಮಾಡದೆ ಬಿಟ್ಟಿದ್ದ ಸರಿಯಾದ ಪ್ರಯೋಗ, ಅದರ ಫಲಿತಾಂಶ ಲೋಕದಲ್ಲಿ ಅವನೊಬ್ಬನಿಗೇ ಗೊತ್ತು. ಬರೀ ಅನುಮಾನ ಎಂದರೆ ‘ಮುಂದಿನ ಸಲ ನೋಡೋಣ ಸರ್’ ಎನ್ನುತ್ತಾರೆ; ಅಷ್ಟು ಹೊತ್ತಿಗೆ ಅಣ್ಣನ ನರದೊಳಗೆ ಅರ್ಧ ಮದ್ದು ಇಳಿದಿರುತ್ತದೆ, ಉಳಿದರ್ಧಕ್ಕೆ ಗೋಡೆಯ ಮೇಲಿನ ಬಳ್ಳಿ. ಈಗಲೇ ನಿಲ್ಲಿಸಬೇಕಾದರೆ ಸೀಸೆಯಲ್ಲಿ ಬೇರು ಇರಲಿಲ್ಲ ಎನ್ನಬೇಕು, ಅದು ತನಗೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕು, ಹೇಳಿದರೂ ನಂಬಿಸಲು ಒಂದು ಹನಿ ಸಾಕ್ಷಿಯನ್ನೂ ಅವನು ಉಳಿಸಿರಲಿಲ್ಲ. “ಅತ್ತಿಗೆ,” ಅಂದ ಅವನು, ಕೋಣೆಯಲ್ಲಿದ್ದ ಎಲ್ಲರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ. “ನರ್ಸಿಗೆ ಬಾಟ್ಲಿ ಹಾಕಬೇಡಿ ಅಂತ ಹೇಳಿ.” ಆ ಕಡೆಯಿಂದ ಅತ್ತಿಗೆ, “ಯಾಕಪ್ಪಾ?” ಎಂದು ಕೇಳಿದರು.